ಬರೆದಾಯಿತು ಎನ್ನುವ ಡಿಸ್ಕ್

ಕಂಪ್ಯೂಟರಿನ ಡಿಸ್ಕ್ ಸುಳ್ಳು ಹೇಳುತ್ತದೆ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಆದರೆ ಒಂದು ಮಾದರಿಯ ಡಿಸ್ಕ್ ಹೇಳುತ್ತಿತ್ತು. ಕೊಟ್ಟದ್ದನ್ನು ತನ್ನ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡು, ಬರೆದಾಯಿತು ಎಂದು ಕೈತೊಳೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋದರೆ ಎಲ್ಲ ಮಂಗಮಾಯ. ತಯಾರಿಸಿದವರು ಅದನ್ನು ಸರಿಪಡಿಸುವ ಲಕ್ಷಣ ಕಾಣಲಿಲ್ಲ. ಆಪರೇಟಿಂಗ್ ಸಿಸ್ಟಮ್ ಮಾಡುವ ನಾವು ಆ ಮೆಮೊರಿಯನ್ನೇ ಬಂದ್ ಮಾಡಬಹುದಿತ್ತು, ಆದರೆ ಯಂತ್ರ ಆಮೆಯಾಗುತ್ತಿತ್ತು.

ಬಂದ್ ಮಾಡುವ ಕೋಡ್ ಬರೆದವಳು ನಾನೇ. ಎಲ್ಲ ಯಂತ್ರಗಳಲ್ಲೂ ಮೊದಲಿನಿಂದಲೇ ಅದೇ ಡೀಫಾಲ್ಟ್ ಆಗಿರಲಿ, ವೇಗ ಬೇಕಾದವರು ತಿಳಿದುಕೊಂಡು ಬದಲಿಸಿಕೊಳ್ಳಲಿ ಎಂದು ಮೀಟಿಂಗಿನಲ್ಲಿ ಹಟ ಹಿಡಿದೆ. ಮ್ಯಾನೇಜರ್ ಒಪ್ಪಲಿಲ್ಲ. ಫೈಲ್ ಸೇವ್ ಮಾಡಲು ಅಷ್ಟು ಹೊತ್ತಾದರೆ ಜನ ಬೈಯುವುದು ನಮ್ಮನ್ನು, ಡಿಸ್ಕನ್ನಲ್ಲ. ಬೇಕಾದವರು ಬಂದ್ ಮಾಡಿಕೊಳ್ಳಲು ಸೆಟ್ಟಿಂಗ್ಸಿನಲ್ಲಿ ಒಂದು ಸ್ವಿಚ್ ಇಟ್ಟರೆ ಸಾಕು ಎಂದರು. ಆ ಸ್ವಿಚ್ ಎಲ್ಲಿದೆ ಎಂದು ಬಲ್ಲವರೆಲ್ಲ ಈ ಕೋಣೆಯಲ್ಲೇ ಕೂತಿದ್ದೇವೆ ಎಂದೆ. ಎಲ್ಲರೂ ನಕ್ಕರು. ನಾನೇನೂ ತಮಾಷೆ ಮಾಡಿರಲಿಲ್ಲ.

"ನಿಮ್ಮ ತಮ್ಮನ ಚಿಂತೆ ತಾನೇ? ಅವರ ಮೆಷಿನ್‌ಗೆ ನೀವೇ ಹಾಕಿಬಿಡಿ," ಅಂದರು ಮ್ಯಾನೇಜರ್.

ತಮ್ಮನಿಗೆ ಗಂಟಲಿನ ಆಪರೇಷನ್ ಇತ್ತು. ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು. ಅದಕ್ಕೇ ಆಸ್ಪತ್ರೆಯ ಕೋಣೆಯೊಂದರಲ್ಲಿ, ಅವನಂಥವರೇ ಕೆಲವರ ಜೊತೆ ಕೂತು, ಮುಂದೆ ಬೇಕಾಗುವ ಮಾತುಗಳನ್ನು ರೆಕಾರ್ಡ್ ಮಾಡಿಡುತ್ತಿದ್ದ. ಆಮೇಲೆ ಬಟನ್ ಒತ್ತಿದರೆ ಕಂಪ್ಯೂಟರ್ ಅವನ ದನಿಯಲ್ಲೇ ಹೇಳುತ್ತದೆ. 'ಅಕ್ಕ, ತಲೆ ತಿನ್ನಬೇಡ' ಎನ್ನುವುದಕ್ಕೆ ಮಹಾರಾಯ ಬೇರೆಯೇ ಬಟನ್ ಇಟ್ಟುಕೊಂಡಿದ್ದ.

ಅಲ್ಲಿನ ಯಂತ್ರಗಳಲ್ಲೆಲ್ಲ ಅದೇ ಡಿಸ್ಕ್, ನಮ್ಮದೇ ಸಿಸ್ಟಮ್. ತಮ್ಮನದಕ್ಕೆ ಸ್ವಿಚ್ ಹಾಕಿದೆ. ಪಕ್ಕದ್ದಕ್ಕೂ ಕೈ ಹೋಯಿತು. ಆದರೆ ಕಂಪನಿ ಮಾಡಿದ ಎಡವಟ್ಟನ್ನು ನಾನ್ಯಾಕೆ ಊರೆಲ್ಲ ತಿರುಗಿ ಸರಿಪಡಿಸಲಿ ಎಂಬ ಸಿಟ್ಟಿಗೆ ಬಿಟ್ಟುಬಂದೆ.

ಮುಂದಿನ ವಾರ ನಾನು ಅಲ್ಲಿದ್ದಾಗಲೇ, ಮಧ್ಯಾಹ್ನ, ಕರೆಂಟ್ ಹೋಗಿ ಬಂತು. ತಮ್ಮನದೆಲ್ಲ ಹಾಗೇ ಇತ್ತು. ಪಕ್ಕದ ಮೇಜಿನವರು ಬಸ್ ಕಂಡಕ್ಟರ್, ದಿನವಿಡೀ ಸ್ಟಾಪುಗಳ ಹೆಸರು ಕೂಗಿ ಬದುಕಿದ ಹೆಂಗಸು. ಬೆಳಗಿನಿಂದ ಅವರು ಹೇಳಿಟ್ಟಿದ್ದ ಒಂದು ಫೈಲೂ ತೆರೆಯಲಿಲ್ಲ. ಅವರ ಆಪರೇಷನ್ ಮರುದಿನವೇ ಇತ್ತು.

"ನಿಮ್ಮ ತಮ್ಮಂದು ಹೇಗೆ ಉಳೀತು?" ಅಂತ ಕೇಳಿದರು.

ಅದೃಷ್ಟ ಎಂದು ಜಾರಿಕೊಳ್ಳಬಹುದಿತ್ತು. ನಾಲಿಗೆ ಹೊರಳಲಿಲ್ಲ.

"ಅವನದಕ್ಕೆ ಮಾತ್ರ ನಾನು ಒಂದು ಸ್ವಿಚ್ ಹಾಕಿದ್ದೆ," ಅಂದೆ.

ನಾಚಿಕೆಯಿಂದ ಕುಗ್ಗಿಹೋದೆ. ಅವರು ನನ್ನನ್ನೇ ನೋಡಿ, ಕುರ್ಚಿ ಪಕ್ಕಕ್ಕೆ ಸರಿಸಿದರು.

"ಇದಕ್ಕೂ ಹಾಕಿ. ಸಂಜೆವರೆಗೂ ಟೈಮಿದೆ."

ಕೋಣೆಯ ಎಲ್ಲ ಯಂತ್ರಗಳಿಗೂ ಹಾಕಿದೆ. ಆಮೇಲೆ ಅಲ್ಲೇ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಯಾರನ್ನೂ ಕೇಳದೆ ಡೀಫಾಲ್ಟ್ ಬದಲಿಸಿ, ಎಲ್ಲರಿಗೂ ಹೋಗುವ ಅಪ್‌ಡೇಟಿಗೆ ಸೇರಿಸಿಬಿಟ್ಟೆ. ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದಾಗ ಕೂಗಾಡಿದರು. ಬೇಕಾದರೆ ನನ್ನನ್ನು ತೆಗೆಯಿರಿ, ಅದನ್ನು ತೆಗೆಯಬೇಡಿ ಎಂದು ಫೋನ್ ಇಟ್ಟೆ.

ಕಂಡಕ್ಟರ್ ಮೊದಲಿನಿಂದ ಶುರು ಮಾಡಿದರು. ಒಂದು ಮಾತು, ಸೇವ್ ಆಗುವವರೆಗೆ ಕಾಯುವುದು, ಮತ್ತೊಂದು ಮಾತು. ಹೊತ್ತು ಕಳೆದಂತೆ ದನಿ ಒಡೆಯುತ್ತಾ ಬಂತು. ಮಗಳಿಗೆ ಹೇಳುವುದನ್ನು ಕೊನೆಗೆ ಇಟ್ಟುಕೊಂಡಿದ್ದರು: ಪುಟ್ಟಿ, ಎಷ್ಟೊತ್ತು ಮಲಗ್ತೀಯ, ಏಳು. ರೆಕಾರ್ಡ್ ಮಾಡಿ, ಕೇಳಿಸಿಕೊಂಡು, ಅಳಿಸಿದರು.

"ಬೆಳಿಗ್ಗೆ ಇದನ್ನ ಹೇಳುವಾಗ ನಗು ಬಂದಿತ್ತು. ನಗೂನೂ ಸೇರ್ಕೊಂಡಿತ್ತು," ಅಂದರು.

ಮತ್ತೆ ಹೇಳಿದರು. ನಗಲು ಹೋದಾಗ ಕೆಮ್ಮು ಬಂತು. ಇನ್ನೊಮ್ಮೆ ಹೇಳಿದಾಗಲೂ ಅದೇ ಆಯಿತು. ಕೊನೆಗೆ ಆ ಕೆಮ್ಮಿರುವುದನ್ನೇ ಸೇವ್ ಮಾಡಿದರು.