ಬಸ್ಸು ನಿಂತಷ್ಟು ಹೊತ್ತು

ದೇಶಕ್ಕೆ ಬರುವ ವಿದೇಶಿಯರೆಲ್ಲ ವಿಮಾನ ಇಳಿದವರೇ ಕಡಲತೀರಕ್ಕೆ ಓಡುತ್ತಿದ್ದರು. ದಾರಿಯ ನಡುವಿನ ಈ ಊರಿನಲ್ಲಿ ಅವರ ಬಸ್ಸು ನಿಲ್ಲುತ್ತಿದ್ದುದು ಒಂದೇ ಕಾರಣಕ್ಕೆ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕಡಲ ಬದಿಯವರು ಕೋಣೆ ಸಾಲದೆ ಮಹಡಿಯ ಮೇಲೆ ಮಹಡಿ ಏರಿಸುತ್ತಿದ್ದರೆ, ಇಲ್ಲಿ ಅತ್ತೆ ಸೊಸೆಯ ಲಾಡ್ಜಿನಲ್ಲಿ ನೊಣ ಹೊಡೆಯೋಣವೆಂದರೆ ನೊಣವೂ ಇರಲಿಲ್ಲ. ಸೊಸೆ ಮಹಾತಾಯಿ ಅಷ್ಟು ಚೊಕ್ಕಟವಾಗಿ ಇಟ್ಟಿದ್ದಳು.

"ಸಾಕು ಕಣೇ ಈ ಹುಚ್ಚು," ಎಂದರು ಅತ್ತೆ. "ಸಿಮೆಂಟಿನ ಸಾಹುಕಾರ ಗೋದಾಮಿಗೆ ಈ ಕಟ್ಟಡ ಕೇಳ್ತಾ ಇದಾನೆ. ನಾಳೆ ಬರ್ತಾನೆ, ಬೀಗದ ಕೈ ಕೊಟ್ಟುಬಿಡೋಣ. ಮೂಟೆಗಳಿಗೆ ಹಾಸಿಗೆ ಬೇಡ, ಬಿಸಿನೀರು ಬೇಡ."

ಲಾಡ್ಜೆಂದರೆ ಸೊಸೆಗೆ ಜೀವ. ಆದರೆ ಅವಳೇನು ಕೈಕಟ್ಟಿ ಕೂರುವವರ ಪೈಕಿಯೇ? ಬಸ್ಸಿನವರು ಬಳಸುತ್ತಿದ್ದ ಕೆಳಗಿನ ಶೌಚಾಲಯಕ್ಕೆ ಬೀಗ ಜಡಿದು, ಮಹಡಿಯ ತುದಿಯಲ್ಲಿದ್ದ ಶೌಚಾಲಯದ ಕಡೆಗೆ ಬಾಣದ ಗುರುತು ಬರೆದಳು. ಅಲ್ಲಿಗೆ ಹೋಗಬೇಕಾದರೆ ಎಲ್ಲ ಕೋಣೆಗಳನ್ನೂ ದಾಟಲೇಬೇಕು. ಬಾಗಿಲುಗಳನ್ನು ಹಾರುಹೊಡೆದು, ಮಂಚಗಳ ಮೇಲೆ ಇಸ್ತ್ರಿ ಮಾಡಿದ ಬಿಳಿ ಹಾಸು ಹಾಸಿದಳು. ಹೋಗುವಾಗ ಅವಸರವಿರುತ್ತದೆ, ಬರುವಾಗಲಾದರೂ ನೋಡಿಯಾರು ಎಂದು ಅವಳ ಎಣಿಕೆ.

ಸಂಜೆ ಬಸ್ಸು ಬಂತು. ವಿದೇಶಿಯರು ಮೆಟ್ಟಿಲು ದಡದಡ ಹತ್ತಿದರು, ದಡದಡ ಇಳಿದರು. ಒಬ್ಬರೂ ಕೋಣೆಗಳತ್ತ ಕತ್ತು ಹೊರಳಿಸಿದಂತೆ ಕಾಣಲಿಲ್ಲ. ಸೊಸೆಗೆ ಅಳು ಉಕ್ಕಿ ಬಂತು. ಅಷ್ಟರಲ್ಲಿ ಗೈಡು ತಲೆ ಎಣಿಸಿ ಕೂಗಿಕೊಂಡ: "ಒಬ್ಬರು ಕಮ್ಮಿ!"

ಹುಡುಕಿದರೆ, ಕೊನೆಯ ಕೋಣೆಯಲ್ಲಿ ವಿದೇಶಿ ಅಜ್ಜಿಯೊಬ್ಬಳು ಬೂಟುಗಳನ್ನು ಮಂಚದಡಿ ಜೋಡಿಸಿಟ್ಟು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಹೊರಗೆ ಬಸ್ಸು ಒಂದೇ ಸಮನೆ ಹಾರ್ನ್ ಬಾರಿಸುತ್ತಿತ್ತು. ಗೈಡು ಒಳಗೆ ನುಗ್ಗಬೇಕು, ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಮಲಗಿದವರನ್ನ ಎಬ್ಬಿಸ್ತೀಯೇನಪ್ಪಾ? ಅದೂ ವಯಸ್ಸಾದೋರನ್ನ?"

"ಅಮ್ಮಾ, ಇಲ್ಲಿ ನೋಡೋಕೆ ಏನಿದೆ? ಇವರಿಗೆ ಕಡಲ ಎದುರಿಗೇ ರೂಮ್ ಬುಕ್ ಆಗಿದೆ!"

ಈ ಗದ್ದಲಕ್ಕೆ ಅಜ್ಜಿ ಒಂದು ಕಣ್ಣು ತೆರೆದಳು. ಗೈಡು ಅವಳ ಭಾಷೆಯಲ್ಲಿ ಏನೇನೋ ಬಡಬಡಿಸಿದ. ಅವಳು ಚಿಕ್ಕದಾಗಿ ಏನೋ ಅಂದು, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಮಗ್ಗುಲು ಬದಲಿಸಿದಳು.

"ಏನಂತೆ?" ಸೊಸೆ ಕೇಳಿದಳು.

"ಕಡಲು ಎಲ್ಲೂ ಓಡಿಹೋಗಲ್ವಂತೆ." ಗೈಡು ಹಣೆ ಚಚ್ಚಿಕೊಂಡ. "ನಾಳಿನ ಬಸ್ಸಿಗೆ ಬರ್ತಾರಂತೆ. ಪೆಟ್ಟಿಗೆ ಇಳಿಸಬೇಕಂತೆ."

ಪೆಟ್ಟಿಗೆ ಇಳಿಯಿತು, ಬಸ್ಸು ಹೋಯಿತು. ಸೊಸೆಗೆ ಕುಣಿಯುವಷ್ಟು ಖುಷಿ. ಕುಣಿದರೆ ಸದ್ದಾಗುತ್ತದಲ್ಲ ಎಂದು ತಡೆದುಕೊಂಡಳು. ಅತ್ತೆ ತುದಿಗಾಲಲ್ಲಿ ಕೆಳಗಿಳಿದು, ಫೋನೆತ್ತಿ, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: "ಸಾಹುಕಾರ್ರೇ, ನಾಳೆ ಬರೋದು ಬೇಡ. ಕೋಣೆ ಖಾಲಿ ಇಲ್ಲ."