ಮುರುಗಲು ಕಾಗದ

ಲಿಟ್ಮಸ್ ಕಾಗದ ಮುಂಬಯಿಯಿಂದ ಬರಬೇಕಿತ್ತು, ಬರಲಿಲ್ಲ. ಯುದ್ಧ ಶುರುವಾಗಿ ನಾಲ್ಕು ವರ್ಷ ಆಗಿತ್ತು. ಅಕ್ಕಿ, ಸೀಮೆಎಣ್ಣೆ, ಉಡುವ ಬಟ್ಟೆಯೇ ಕುಮಟೆಗೆ ಸರಿಯಾಗಿ ಬಾರದ ಕಾಲದಲ್ಲಿ, ಹೈಸ್ಕೂಲಿನ ಐದನೇ ಇಯತ್ತೆಯ, ಅಂದರೆ ಈಗಿನ ಒಂಬತ್ತನೇ ತರಗತಿಯ ಮಕ್ಕಳು ನೀರಿಗೆ ಅದ್ದಿ ನೋಡುವ ಕಾಗದಕ್ಕಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ನಮ್ಮ ಶಾನಭಾಗ ಮಾಸ್ತರು ಅಷ್ಟಕ್ಕೆ ಪಾಠ ಬಿಡುವ ಆಸಾಮಿಯಲ್ಲ. ಮನೆಯಲ್ಲಿ ಕೊಂಕಣಿ, ವರ್ಗದಲ್ಲಿ ಇಂಗ್ಲಿಷು, ಸಿಟ್ಟು ಬಂದಾಗ ಮಾತ್ರ ಕನ್ನಡ ಆಡುತ್ತಿದ್ದ ಅವರು ಅಂದು ಸಿಟ್ಟಿಲ್ಲದೆಯೇ ಕನ್ನಡದಲ್ಲಿ ಹೇಳಿದರು: ಹುಳಿಯಲ್ಲಿ ಒಂದು ಬಣ್ಣ, ಬಟ್ಟೆ ಒಗೆಯುವ ಸೋಡಾ, ಸುಣ್ಣದಂಥ ಕ್ಷಾರದಲ್ಲಿ ಇನ್ನೊಂದು ಬಣ್ಣ ತೋರಿಸುವ ವಸ್ತು ನಿಮ್ಮ ನಿಮ್ಮ ಮನೆಯಲ್ಲೇ ಇದೆ. ಹುಡುಕಿ ತನ್ನಿ, ಕಾಗದ ಮಾಡಿ, ಆ ಕಾಗದದಿಂದ ಏನಾದರೊಂದು ಪರೀಕ್ಷೆ ಮಾಡಿ ತೋರಿಸಿ.

ಮರುದಿನ ಮೇಜಿನ ಮೇಲೆ ಸಂತೆ ನೆರೆಯಿತು. ಜವಳಿ ಅಂಗಡಿಯವರ ಮಗಳು ಮಂಗಲಾ, ನನ್ನ ಬೆಂಚಿನವಳು, ದಾಸವಾಳ ತಂದಳು. ಯಾರೋ ಅರಿಸಿನ, ಯಾರೋ ಬಸಳೆಯ ಹಣ್ಣು. ನಮ್ಮ ಮನೆ ಕಡಲ ದಂಡೆಯ ಮರಳಿನಲ್ಲಿ, ಅಲ್ಲಿ ಹೂವು ಎಲ್ಲಿಂದ ಬರಬೇಕು? ಅಡಿಗೆಮನೆಯಲ್ಲಿ ಬಣ್ಣದ್ದು ಅಂತ ಇದ್ದದ್ದು ಮೀನು ಸಾರಿಗೆ ಹುಳಿಗೆಂದು ಹಾಕುವ ಮುರುಗಲು ಹಣ್ಣಿನ ಒಣ ಸಿಪ್ಪೆ ಒಂದೇ. ನಾಲ್ಕು ಸಿಪ್ಪೆ ಸೆರಗಿನಲ್ಲಿ ಕಟ್ಟಿಕೊಂಡು ಹೋದೆ.

ಮುರುಗಲು ನೆನೆಸಿದ ನೀರು ರಕ್ತದ ಹಾಗೆ ಕೆಂಪಾಯಿತು. ಶಾಯಿ ಹೀರುವ ಒತ್ತುಕಾಗದ ಅದ್ದಿ ಒಣಗಿಸಿದೆ. ಸೋಡಾ ನೀರಿಗೆ ತಾಗಿಸಿದರೆ ಕಾಗದ ಜಪ್ಪಯ್ಯ ಅಂದರೂ ಬಣ್ಣ ಬದಲಿಸಲಿಲ್ಲ. ಎಲ್ಲರೂ ನಕ್ಕರು. ನನಗೆ ನಗುವವರ ಮೇಲೆ ಸಿಟ್ಟು ಬರುವುದಕ್ಕಿಂತ ಕಾಗದದ ಮೇಲೆ ಸಿಟ್ಟು ಬಂತು. ಯಾಕೆ ಬದಲಾಗುವುದಿಲ್ಲ ಇದು? ಮಾಸ್ತರು ನೀರನ್ನು ನಾಲಿಗೆಗೆ ತಾಗಿಸಿ ಮುಖ ಕಿವುಚಿದರು. ಇದು ವಿಪರೀತ ಹುಳಿ, ಆ ಹುಳಿಯೇ ಬಂದ ಸೋಡಾವನ್ನೆಲ್ಲ ನುಂಗುತ್ತಿದೆ, ಮೊದಲು ಅದರ ಸೊಕ್ಕು ಮುರಿಯಬೇಕು ಅಂದರು. ಹನಿ ಹನಿಯಾಗಿ ಸೋಡಾ ನೀರು ಬಿಡಬೇಕು, ಕೆಂಪು ಅಳ್ಳಾಡಿತು ಅನ್ನುವಾಗ ನಿಲ್ಲಿಸಬೇಕು.

ಹೇಳುವುದು ಸುಲಭ. ಒಂದು ಹನಿ ಹೆಚ್ಚಾದರೆ ಲೋಟದ ನೀರೆಲ್ಲ ಕೊಳೆತ ಪಾಚಿಯ ಬಣ್ಣಕ್ಕೆ ತಿರುಗಿಬಿಡುತ್ತಿತ್ತು. ಚೆಲ್ಲುವುದು, ಮತ್ತೆ ಸಿಪ್ಪೆ ನೆನೆಸುವುದು. ಸಾರಿಗೆ ಮುರುಗಲು ಇಲ್ಲದೆ ಅವ್ವ ಬೈಯತೊಡಗಿದಳು. ಕಡೆಗೊಂದು ಸಂಜೆ ಸರಿಯಾದ ಜಾಗದಲ್ಲಿ ಕೈ ನಿಂತಿತು. ನೀರು ಕೆಂಪೂ ಅಲ್ಲದ ನೇರಳೆಯೂ ಅಲ್ಲದ ಬಣ್ಣಕ್ಕೆ ಬಂತು. ಅದರಲ್ಲಿ ಅದ್ದಿದ ಕಾಗದ ಸೋಡಾ ಮುಟ್ಟಿದ ಕೂಡಲೇ ಹಸಿರಾಯಿತು. ನಾನು ಒಬ್ಬಳೇ ಕುಣಿದೆ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು ಅನ್ನಿ. ಮಜ್ಜಿಗೆಗೆ ಅದ್ದಿದೆ, ಕೆಂಪೇರಿತು. ಅಜ್ಜಿಯ ಎಲೆಯಡಿಕೆ ಕವಳದ ಸುಣ್ಣಕ್ಕೆ ಮುಟ್ಟಿಸಿದೆ, ಹಸಿರಾಯಿತು. ಕಡಲ ನೀರಿಗೆ ಅದ್ದಿದರೆ ಕಾಗದ ಸ್ವಲ್ಪ ಅನುಮಾನಪಟ್ಟು ಸುಮ್ಮನಾಯಿತು. ತೆಂಗಿನ ಬುಡಕ್ಕೆ ಹಾಕಲು ಇಟ್ಟಿದ್ದ ಕೊಳೆತ ಬಂಗಡೆ ಮೀನಿಗೆ ಅಂಟಿಸಿದಾಗ ಮಾತ್ರ ನಾನು ನೆನೆಸಿರದ ಸಂಗತಿ ಆಯಿತು. ಕಾಗದ ನಿಧಾನವಾಗಿ ಅಂಚಿನಿಂದ ನೀಲಿಯಾಗುತ್ತ ಬಂತು. ಆಗ ತಾನೇ ದೋಣಿಯಿಂದ ಇಳಿದ ಬಂಗಡೆಗೆ ಅಂಟಿಸಿದೆ. ಅಲ್ಲಿ ಬಣ್ಣ ಇದ್ದ ಹಾಗೇ ಇತ್ತು. ಮಾಸ್ತರಿಗೆ ಹೇಳಿದೆ. ಅವರ ಕಣ್ಣು ಅರಳಿತು. ಇಂದಿನ ಮೀನು ಒಂದು, ಹಳೆಯದು ಒಂದು ತಂದು ವರ್ಗಕ್ಕೆ ತೋರಿಸು ಅಂದರು.

ನನ್ನ ಅವ್ವ ನಾಗಿ ಕುಮಟೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಅಪ್ಪ ಮಚವೆ ಹಡಗಿನಲ್ಲಿ ಸರಕು ಹೇರಿಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ನಮ್ಮ ಕೇರಿಯಿಂದ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು, ಹತ್ತಿಸಿದ್ದು ಅವ್ವನ ಹಟ. ಶಾಲೆಗೆ ಮೀನು ಬೇಕು ಅಂದಾಗ ಅವಳು ಮೊದಲು ನಂಬಲಿಲ್ಲ, ಆಮೇಲೆ ಅವಳ ಖುಷಿ ನೋಡಬೇಕಿತ್ತು. ಬೆಳಗಿನ ದೋಣಿಯ ಒಳ್ಳೆಯ ನೊಗ್ಲಿ ಮೀನೊಂದನ್ನು ಆರಿಸಿದಳು. ಕೈಯಲ್ಲಿ ನಿಲ್ಲದೆ ಜಾರುವ ಉದ್ದನೆಯ ಮೀನು ಅದು. ಶಾಲೆಯವರ ಮುಂದೆ ಗಲೀಜು ಕಾಣಬಾರದು ಅಂತ ತಾನೇ ಹೊಟ್ಟೆ ಸೀಳಿ ಚೊಕ್ಕ ಮಾಡಿ, ಒರೆಸಿ, ಬಾಳೆಯೆಲೆಯಲ್ಲಿ ಕಟ್ಟಿಕೊಟ್ಟಳು. ಹಳೆಯ ಬಂಗಡೆ ಬೇರೆ ಕಟ್ಟಿನಲ್ಲಿ.

ಮೀನು ತಿನ್ನದವರು ಕಿಟಕಿಯ ಕಡೆ ಸರಿದರು, ತಿನ್ನುವವರು ಮೇಜಿನ ಕಡೆ ಬಂದರು. ಹಳೆಯ ಬಂಗಡೆಗೆ ಕಾಗದ ಇಟ್ಟೆ, ನೀಲಿಯಾಯಿತು. ಮಾಸ್ತರು ತಲೆದೂಗಿದರು. ಇದು ಇವತ್ತಿನ ಬೆಳಗಿನದು ಅಂತ ದೊಡ್ಡ ದನಿಯಲ್ಲಿ ಹೇಳಿ ನೊಗ್ಲಿಯ ಮೇಲೆ ಕಾಗದ ಇಟ್ಟೆ. ಇಟ್ಟದ್ದೇ ತಡ, ಕಾಗದದ ಬಣ್ಣ ತಿರುಗಿಬಿಟ್ಟಿತು. ಇನ್ನೊಂದು ಇಟ್ಟೆ, ಅದೂ ತಿರುಗಿತು. ಆಮೇಲೆ ಮಂಗಲಾ, ಕೆಟ್ಟ ಹುಡುಗಿಯೇನಲ್ಲ ಅವಳು, ಮೆಲ್ಲಗೆ ಅಂದಳು, ನಾವು ದಿನಾ ನಿನ್ನ ಅವ್ವನ ಹತ್ತಿರವೇ ಕೊಳ್ಳುತ್ತೇವೆ ಅಂತ.

ಮಾಸ್ತರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಮನೆಯಲ್ಲಿ ಒಮ್ಮೆ ಕೇಳಿ ನೋಡು ತಂಗೀ ಅಂದರು. ಕೇಳುವುದೇನು? ಊರ ಬಾಯಿಗೆ ಮುಚ್ಚಳ ಇಲ್ಲ. ಶಾಲೆ ಬಿಡುವ ಹೊತ್ತಿಗೆ ಸುದ್ದಿ ಪೇಟೆ ಮುಟ್ಟಿತ್ತು. ಮೂರು ದಿನದಲ್ಲಿ ಮಂಗಲಾನ ಮನೆಯವರು ಬೇರೆ ಬುಟ್ಟಿಯ ಮುಂದೆ ಕೂತರು, ಅವರನ್ನು ನೋಡಿ ಉಳಿದವರು. ಮೀನು ಮಾರುವವಳಿಗೆ ಬಂಡವಾಳ ಅಂದರೆ ಅವಳ ಮಾತು. ಇವತ್ತಿನದು ಅಂದರೆ ಇವತ್ತಿನದು. ಆ ಮಾತು ಹೋದರೆ ಬುಟ್ಟಿ ಹೊತ್ತೂ ಪ್ರಯೋಜನ ಇಲ್ಲ. ಅವ್ವ ಅರ್ಧ ಬುಟ್ಟಿ ಮೀನು ವಾಪಸು ತಂದು ಉಪ್ಪಿಗೆ ಹಾಕತೊಡಗಿದಳು. ನಾಲ್ಕನೇ ಸಂಜೆ ಬುಟ್ಟಿ ಇಳಿಸಿ ನನ್ನೆದುರು ಬಂದು ನಿಂತಳು.

"ನಿನ್ ಕಾಗದ ಸುಳ್ಳು ಹೇಳ್ತದೆ, ಇಲ್ದಿದ್ರೆ ನಾ ಸುಳ್ಳು ಹೇಳ್ತೆ. ಎರಡ್ರಲ್ಲಿ ಯಾವ್ದು ಹೇಳು."

"ಗೊತ್ತಿಲ್ಲ ಅವ್ವ. ನೋಡ್ತೆ."

"ನೋಡ್ತ್ಯಾ? ಹೆತ್ತವ್ಳ ಮಾತಿಗೆ ನೋಡೂದು ಎಂತದು?"

ನನಗೆ ಅವಳನ್ನು ನಂಬಬೇಕು ಅಂತ ಜೀವ ಒದ್ದಾಡುತ್ತಿತ್ತು. ಆದರೆ ಕಾಗದವನ್ನೂ ನಾನೇ ಮಾಡಿದ್ದೆ, ಅದು ಸುಳ್ಳು ಹೇಳುವಂಥದ್ದಲ್ಲ ಅಂತಲೂ ಗೊತ್ತಿತ್ತು. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆ ಎರಡು ದಿನ ನಾನು ಕಂಡಕಂಡದ್ದಕ್ಕೆಲ್ಲ ಕಾಗದ ಅಂಟಿಸಿದೆ. ಬಾಳೆಯೆಲೆಗೆ, ಕತ್ತಿಗೆ, ಶಾಲೆಯ ಮೇಜಿಗೆ, ನನ್ನ ಅಂಗೈಗೆ. ಯಾವುದೂ ತಪ್ಪೊಪ್ಪಿಕೊಳ್ಳಲಿಲ್ಲ. ಒಂದು ಸಂಗತಿ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಹಳೆಯ ಬಂಗಡೆಯ ಮೇಲೆ ಬಣ್ಣ ನಿಧಾನವಾಗಿ ಬಂದಿತ್ತು, ಅದು ನೀಲಿ. ನೊಗ್ಲಿಯ ಮೇಲೆ ತಟ್ಟನೆ ಬಂದಿತ್ತು, ಅದು ಹಸಿರು, ಸೋಡಾ ತಾಗಿದಾಗಿನ ಹಸಿರು. ದೋಣಿಯಿಂದ ಇಳಿದ ಮೀನಿಗೆ ಸೋಡಾ ಎಲ್ಲಿಂದ ಬಂತು?

ಆ ಸಂಜೆ ಅವ್ವ ಮನೆಯ ಸಾರಿಗೆ ಅಂತ ನೊಗ್ಲಿ ಕೊಯ್ಯಲು ಕೂತಳು. ಎಡಗೈ ಪಕ್ಕದ ತೆಂಗಿನ ಗೆರಟೆಗೆ ಹೋಯಿತು. ಒಲೆಯ ಬೂದಿ ಹಿಡಿಯಷ್ಟು ತೆಗೆದು ಮೀನಿನ ಮೈಗೆಲ್ಲ ತಿಕ್ಕಿ ಗಟ್ಟಿಯಾಗಿ ಹಿಡಿದಳು. ಹುಟ್ಟಿದಾಗಿನಿಂದ ನೋಡಿದ್ದೆ ಅದನ್ನು. ನಮ್ಮ ಕೇರಿಯಲ್ಲಿ ಯಾವ ಹೆಂಗಸೂ ಬೂದಿ ಇಲ್ಲದೆ ಜಾರುವ ಮೀನು ಮುಟ್ಟುವುದಿಲ್ಲ. ದಿನಾ ನೋಡುವುದು ಕಣ್ಣಿಗೆ ಬೀಳುವುದೇ ಇಲ್ಲ ನೋಡಿ. ಶಾಲೆಗೆ ಕೊಟ್ಟ ಮೀನಿಗೂ ಬೂದಿ ಹಚ್ಚಿದ್ಯಾ ಅಂತ ಕೇಳಿದೆ. ಮಾತು ಬಿಟ್ಟವಳು ಮಾತಾಡಿದಳು.

"ಹಚ್ಚದೆ? ಶಾಲೆಗೆ ಹೋಗೂ ಮೀನು ಅಂತ ಎರಡು ಸಲ ತಿಕ್ಕಿದ್ದೆ."

ಗೆರಟೆಗೆ ನೀರು ಹಾಕಿ ಕಾಗದ ಅದ್ದಿದೆ. ಹಸಿರು. ಅಂಗಳಕ್ಕೆ ಓಡಿ, ಒಳಗೆ ಓಡಿ, ಮತ್ತೆ ಅದ್ದಿದೆ. ಮತ್ತೆ ಹಸಿರು. ಬೂದಿಯೇ ಕ್ಷಾರ, ಸೋಡಾದ ಅಣ್ಣ. ಅವ್ವನಿಗೆ ಕ್ಷಾರ ಗೀರ ತಿಳಿಯಲಿಲ್ಲ, ಆದರೆ ನನ್ನ ಮುಖ ನೋಡಿ ಗೊತ್ತಾಯಿತು. ಕಾಗದವೂ ಸುಳ್ಳಲ್ಲ, ನೀನೂ ಸುಳ್ಳಲ್ಲ ಅಂದೆ. ಅವಳು ಮೀನು ಕೊಯ್ಯುವುದು ಬಿಟ್ಟು ಬೂದಿಗೈಯಲ್ಲೇ ನನ್ನ ಕೆನ್ನೆ ಹಿಂಡಿದಳು. ಎರಡು ದಿನದ ಸಿಟ್ಟೆಲ್ಲ ಆ ಹಿಂಡಿನಲ್ಲಿತ್ತು, ಚೆನ್ನಾಗಿ ನೋಯಿತು.

ಮರುದಿನ ವರ್ಗದಲ್ಲಿ ಒಂದೇ ಮೀನಿನ ಅರ್ಧಕ್ಕೆ ಬೂದಿ ಹಚ್ಚಿ, ಅರ್ಧಕ್ಕೆ ಹಚ್ಚದೆ ತೋರಿಸಿದೆ. ಮಾಸ್ತರು ಕಾಗದ ಹಿಡಿಯುವ ಕೆಲಸ ಮಂಗಲಾನಿಗೆ ಕೊಟ್ಟರು. ಒಂದು ಕಡೆ ಹಸಿರು, ಇನ್ನೊಂದು ಕಡೆ ಏನೂ ಇಲ್ಲ. ಮಾಸ್ತರು ತಮ್ಮ ತಲೆಗೆ ತಾವೇ ಮೊಟಕಿಕೊಂಡರು. ಪರೀಕ್ಷೆ ಮಾಡುವ ವಸ್ತು ಶುದ್ಧವಾಗಿದೆಯೇ ಅಂತ ಮೊದಲು ನೋಡಬೇಕು, ಅದನ್ನು ಕಲಿಸಬೇಕಾದ ನಾನೇ ಮರೆತೆ ಅಂದರು. ಅಷ್ಟಕ್ಕೆ ಬಿಡಲಿಲ್ಲ. ಸಂಜೆ ಕೈಚೀಲ ಹಿಡಿದು ಪೇಟೆಗೆ ಹೋಗಿ, ಅವ್ವನ ಬುಟ್ಟಿಯ ಮುಂದೆ ಕೂತು, ನಾಲ್ಕು ಜನ ಕೇಳುವ ಹಾಗೆ ನಡೆದದ್ದೆಲ್ಲ ಹೇಳಿ ಮೀನು ಕೊಂಡರು.

ಅಲ್ಲಿಂದ ಅವ್ವನನ್ನು ಹಿಡಿಯುವವರಿಲ್ಲ. ಪೇಟೆಯ ಮೀನಿಗೆ ಬೂದಿ ಮುಟ್ಟಿಸುವುದನ್ನೇ ಬಿಟ್ಟಳು. ಪ್ರತಿ ಶನಿವಾರ ಅವಳಿಗೆ ನಾನು ಕಾಗದ ಮಾಡಿಕೊಡಬೇಕು. ಅನುಮಾನ ಪಟ್ಟವರ ಮುಂದೆ ತುಂಡು ಕಾಗದ ಚಾಚಿ, ನಂಬದಿದ್ದರೆ ಹಚ್ಚಿ ನೋಡಿ, ನನ್ನ ಮಗಳು ಮಾಡಿದ್ದು ಅನ್ನುತ್ತಿದ್ದಳು. ಹೋದ ಗಿರಾಕಿಗಳೆಲ್ಲ ಬಂದರು, ಮಂಗಲಾನ ತಾಯಿಯೂ ಬಂದರು. ಬೇರೆ ಬುಟ್ಟಿಯವರು ನನಗೆ ಹಿಡಿ ಶಾಪ ಹಾಕುತ್ತಿದ್ದರು ಅಂತ ಕಾಣುತ್ತದೆ.

ದೀಪಾವಳಿಯ ರಜೆ. ನಾನು ಅವ್ವನ ಪಕ್ಕದಲ್ಲಿ ಕೂತಿದ್ದೆ. ಅಂದು ಗಾಳಿ ಜೋರು, ದೋಣಿಗೆ ಸಣ್ಣ ಮೀನು ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ಶಾನಭಾಗ ಮಾಸ್ತರು ಬಂದರು, ಹೊನ್ನಾವರದಿಂದ ಹೊಸ ಅಳಿಯ ಬಂದಿದ್ದಾನೆ, ದೊಡ್ಡ ಮೀನೇ ಆಗಬೇಕು ಅಂದರು. ಅವ್ವ ಬುಟ್ಟಿಯ ಅಡಿಯಿಂದ ದೊಡ್ಡದೊಂದು ಇಸವಾಣ ಮೀನು ತೆಗೆದು ಇಟ್ಟಳು. ಮಾಸ್ತರು ಕಿವಿರು ನೋಡಿ ಮೀನು ಕೊಳ್ಳುವಷ್ಟು ಜಾಣರಲ್ಲ, ತಮಾಷೆಗೆ ನನ್ನತ್ತ ತಿರುಗಿ, ನಿನ್ನ ಶಾಸ್ತ್ರ ಮಾಡಿಬಿಡು ಅಂದರು. ಅವ್ವ ಏನೋ ಹೇಳಲು ಬಾಯಿ ತೆರೆದದ್ದು ಕಂಡಿತು. ಅಷ್ಟರಲ್ಲಿ ನಾನು ಕಿವಿರೆತ್ತಿ ಕಾಗದ ಇಟ್ಟಾಗಿತ್ತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಚಿನಿಂದ ನಿಧಾನವಾಗಿ ನೀಲಿ ಏರಿತು. ಹಸಿರಲ್ಲ, ನೀಲಿ. ಮಾಸ್ತರ ಮುಖ ಸಣ್ಣದಾಯಿತು. ಒಮ್ಮೆ ನೋಯಿಸಿದ್ದ ಮನುಷ್ಯ, ಮತ್ತೆ ನೋಯಿಸುವ ಮನಸ್ಸು ಅವರಿಗೆ ಇರಲಿಲ್ಲ. "ಬೂದಿ ತಾಗಿರಬೇಕು ನಾಗಿ," ಅಂದರು. ಪಕ್ಕದಲ್ಲಿ ನಿಂತಿದ್ದ ಮಂಗಲಾನ ತಾಯಿಯೂ ಹೌದು ಹೌದು, ಬೂದಿಯೇ ಇರಬೇಕು ಅಂದರು. ಅವ್ವ ಕಾಗದ ನೋಡಿದಳು, ನನ್ನನ್ನು ನೋಡಿದಳು. ನನಗೆ ಗೊತ್ತಾಗಿದೆ ಅನ್ನುವುದು ಅವಳಿಗೂ ಗೊತ್ತಾಯಿತು.

"ಬೂದಿ ಅಲ್ಲ ಮಾಸ್ತರೇ. ಇದು ನಿನ್ನೇದು. ಮಾರಿ ಹೋಗ್ತದೆ ಅಂತ ಬುಟ್ಟಿ ಅಡೀಲಿ ಇಟ್ಟಿದ್ದೆ."

ಹೇಳದಿದ್ದರೂ ಆಗುತ್ತಿತ್ತಲ್ಲ ಅಂತ ಮಾಸ್ತರು ತೊದಲಿದರು.

"ಆಗ್ತಿತ್ತು. ಆದ್ರೆ ಹುಡುಗಿ ಕಲ್ತದ್ದು ಸುಳ್ಳಾಗೂದು ಬ್ಯಾಡ."

ನನಗೆ ನಾಚಿಕೆಯಾಯಿತು, ಹೆಮ್ಮೆಯಾಯಿತು, ಎರಡೂ ಸೇರಿ ಅಳು ಬಂತು. ಅವ್ವ ಅಳಲು ಬಿಡಲಿಲ್ಲ. ಇಸವಾಣವನ್ನು ಬೆನ್ನ ಹಿಂದೆ ಸರಿಸಿ, ಬುಟ್ಟಿಯ ಮೇಲಿನ ಸಣ್ಣ ಮೀನೊಂದನ್ನು ತೆಗೆದು, ತಾನೇ ಕಿವಿರೆತ್ತಿ ನನ್ನ ಮುಂದೆ ಹಿಡಿದಳು.

"ಸೋಮಿ, ಇದಕ್ಕೂ ಹಚ್ಚು."

ಹಚ್ಚಿದೆ. ಮಾಸ್ತರು ಕೈಚೀಲ ಕೆಳಗಿಟ್ಟು ಬಗ್ಗಿದರು, ಮಂಗಲಾನ ತಾಯಿ ಬಗ್ಗಿದರು, ಆಚೆ ಬುಟ್ಟಿಯವರೂ ಎದ್ದು ಬಂದು ನಿಂತರು. ಎಲ್ಲರೂ ಕಾಗದವನ್ನೇ ನೋಡುತ್ತಿದ್ದೆವು.