ಸೊಸೆ ತರಲು ಹೋದ ವಿಮಲಾಬಾಯಿ

ಕಲಬುರಗಿಯ ವಿಮಲಾಬಾಯಿಗೆ ಅಂದು ಎಲ್ಲಿಲ್ಲದ ಅವಸರ. ಚೀಲದಲ್ಲಿ ಕುಪ್ಪಸದ ಖಣ, ತೆಂಗಿನಕಾಯಿ, ಉತ್ತತ್ತಿ ತುಂಬಿಕೊಂಡಿದ್ದರು. ಕಮಲಾಪುರದಲ್ಲಿರುವ ತಮ್ಮ ಗುರುಲಿಂಗಪ್ಪನ ಮಗಳು ನಾಗರತ್ನಾಳಿಗೆ ಉಡಿ ತುಂಬಿ, ಮಗ ಅಮರನಾಥನ ಮದುವೆ ಗಟ್ಟಿ ಮಾಡಿ ಬರಬೇಕಿತ್ತು.

ಬಾಗಿಲಲ್ಲೇ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಇಕ್ಬಾಲ್ ಬೇಗಂ ಎದುರಾದರು.

"ಅಮರ್ ನಶೆ ಗುಳಿಗಿ ಬಿಟ್ಟಾನೇನ್ರೀ ಬಾಯಿ?"

"ಮೆಲ್ಲಕ ಮಾತಾಡ್ರೀ ಆಪಾ! ಲಗ್ನ ಆದ್ರ ತಾನೇ ಬಿಡ್ತಾನ."

"ಹೌದಾ? ಹಂಗಾದ್ರ ಹುಡುಗಿನೂ ಒಂದು ಗುಳಿಗೀನೇ ಅನ್ರಿ. ಊಟಕ್ಕ ಮೊದಲ ಕೊಡೋದೋ, ಊಟ ಆದಮ್ಯಾಲೋ?"

ವಿಮಲಾಬಾಯಿಗೆ ನಗುವೂ ಬಂತು, ಸಿಟ್ಟೂ ಬಂತು. ಗೊಣಗುತ್ತಲೇ ಬಸ್ ಹತ್ತಿದರು.

ಅಮರನಾಥ ಸೂಪರ್ ಮಾರ್ಕೆಟ್ಟಿನ ಸೀರೆ ಅಂಗಡಿಯಲ್ಲಿ ದುಡಿಯುತ್ತಿದ್ದ. ದಣಿವಿಗೆಂದು ಗೆಳೆಯರು ಕೊಟ್ಟ ಗುಳಿಗೆ ಈಗ ಸಿಗದಿದ್ದರೆ ಕೈ ನಡುಗುತ್ತಿತ್ತು. ಎರಡು ತಿಂಗಳಿಂದ ಕೆಲಸವಿಲ್ಲ. ತಂಗಿ ಅವನ ಕೋಣೆಯತ್ತ ಸುಳಿಯಲೂ ಹೆದರುತ್ತಿದ್ದಳು. ತಾಯಿ ಮಾತ್ರ ಕೇಳಿದವರಿಗೆಲ್ಲ "ಜ್ವರ" ಎನ್ನುತ್ತಿದ್ದರು.

ಕಮಲಾಪುರದಲ್ಲಿ ಚಹಾ ಆಯಿತು, ಕೆಂಪು ಬಾಳೆಹಣ್ಣು ಆಯಿತು. ನಾಗರತ್ನಾ ಮಣೆಯ ಮೇಲೆ ಕುಳಿತು ಸೆರಗೊಡ್ಡಿದಳು.

"ಅತ್ತಿ, ನನ್ನ ಡಿಗ್ರಿ ಬಿಡಸಬ್ಯಾಡ್ರಿ ಮತ್ತ!" ಎಂದು ನಕ್ಕಳು.

ಖಣ ಹಿಡಿದ ಕೈ ಅಲ್ಲೇ ನಿಂತಿತು. ತೊಟ್ಟಿಲಲ್ಲಿ ಈ ಕೂಸಿನ ಕಿವಿಗೆ ಹೆಸರು ಕೂಗಿದ ಸೋದರತ್ತೆ ತಾನೇ. ಇವಳನ್ನು ಗುಳಿಗೆ ಮಾಡಿ ಮಗನಿಗೆ ಕೊಡುವುದೇ?

"ಬ್ಯಾಡವ್ವಾ, ಏಳು. ತಮ್ಮಾ, ಅಮರ್ ನಶೆ ಮಾಡ್ತಾನ. ನಿನ್ನ ಮುಂದ ಮುಚ್ಚಿಟ್ಟಿದ್ದೆ" ಎಂದು ವಿಮಲಾಬಾಯಿ ಅತ್ತೇಬಿಟ್ಟರು.

ಗುರುಲಿಂಗಪ್ಪ ಅಕ್ಕನ ಕೈ ಹಿಡಿದು ಎಬ್ಬಿಸಿದ. "ಬೀಗತನ ಇರ್ಲಿ ಬಿಡಕ್ಕಾ. ನಾ ಮೊದಲ ಅವನ ಸೋದರಮಾವ. ನಡಿ, ಹೋಗೂನು" ಎಂದು ಒಂದು ಬಾಳೆಗೊನೆ ಹೆಗಲಿಗೇರಿಸಿ ಹೊರಟೇಬಿಟ್ಟ.

ಕಲಬುರಗಿಯ ಮನೆಯಲ್ಲಿ ಮಾವ ದವಾಖಾನೆಯ ಮಾತೆತ್ತಿದ್ದೇ ತಡ, ಅಮರನಾಥ ಸಿಡುಕಿದ. "ದವಾಖಾನಿ ಯಾಕ ಮಾಮಾ? ನಾ ಏನ್ ಹುಚ್ಚ ಅದೀನೇನು?"

"ಇದು ಹುಚ್ಚಲ್ಲ ಬೇಟಾ, ಬ್ಯಾನಿ ಅದ" ಎಂದರು ಇಕ್ಬಾಲ್ ಬೇಗಂ. "ಒಮ್ಮಿಗೇ ಬಿಟ್ರ ಮೈ ತಡಕೊಳ್ಳಂಗಿಲ್ಲ. ಡಾಕ್ಟರ್ ನೋಡಿ ಬಿಡಸ್ತಾರ, ಯಾರಿಗೂ ಹೇಳಂಗಿಲ್ಲ. ನಾನೂ ಸಂಗಡ ಬರ್ತೀನಿ."

ಮಾವ ಒಂದು ಕಡೆ, ಆಪಾ ಒಂದು ಕಡೆ. ತಪ್ಪಿಸಿಕೊಳ್ಳುವುದೆಲ್ಲಿ? ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಯಿತು. ನಡುವೆ ಒಮ್ಮೆ ಜಾರಿ ಮತ್ತೆ ಗುಳಿಗೆ ನುಂಗಿದ. ಯಾರೂ ಬೈಯಲಿಲ್ಲ, ಮತ್ತೆ ಕರೆದೊಯ್ದರು.

ಈಗ ಎಂಟು ತಿಂಗಳಾಗಿದೆ. ಅಮರನಾಥ ಮತ್ತೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಹರವಿ ತೋರಿಸುತ್ತಾನೆ. ಮನೆಯಲ್ಲಿ ಕೊನೆಯ ಬಾಳೆಹಣ್ಣಿಗಾಗಿ ತಂಗಿಯೊಡನೆ ಜಗಳಾಡುತ್ತಾನೆ. ನಾಗರತ್ನಾ ಹಾಯಾಗಿ ಡಿಗ್ರಿ ಓದುತ್ತಿದ್ದಾಳೆ.

"ಸೊಸಿ ತರಾಕ ಹೋಗಿದ್ದೆ ಆಪಾ, ಮಗನ್ನ ತಂದೆ" ಎನ್ನುತ್ತಾರೆ ವಿಮಲಾಬಾಯಿ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ "ಜ್ವರ" ಇದೆಯೇ? ಮುಚ್ಚಿಡಬೇಡಿ. ಮದುವೆ ಮದ್ದಲ್ಲ, ಇನ್ನೊಬ್ಬರ ಮಗಳು ಗುಳಿಗೆಯಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲವೇ 14446ಕ್ಕೆ ಉಚಿತವಾಗಿ ಫೋನ್ ಮಾಡಿ. ನಿಮ್ಮ ಮಗನನ್ನು ನೀವೂ ಮನೆಗೆ ಕರೆತನ್ನಿ.